ನಗರ ಲಾಂಛನದಲ್ಲಿ ಸಂತರನ್ನು ಗುರುತಿಸುವ ಬಗೆ

ಯುರೋಪಿನ ಹಳೆಯ ಊರುಗಳಲ್ಲಿ ಪುರಭವನದ ಬಾಗಿಲ ಮೇಲೆ, ಸೇತುವೆಯ ಕಂಬದ ಮೇಲೆ, ಕೊನೆಗೆ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಒಂದು ಗುರಾಣಿ ಕಣ್ಣಿಗೆ ಬೀಳುತ್ತದೆ. ಅದರೊಳಗೆ ಬೀಗದ ಕೈ, ಮುಳ್ಳಿನ ಚಕ್ರ, ಎರಡು ಕಾಗೆ, ಬಾಣ, ಇಲ್ಲವೇ ತಟ್ಟೆಯ ಮೇಲಿಟ್ಟ ತಲೆ. ಬಹಳ ಸಲ ಇವು ಊರನ್ನು ಕಾಯುವ ಸಂತರ ಗುರುತುಗಳೇ ಆಗಿರುತ್ತವೆ. ಆದರೆ ಬೀಗದ ಕೈ ಕಂಡಲ್ಲೆಲ್ಲ ಸಂತ ಪೇತ್ರ, ಡ್ರ್ಯಾಗನ್ ಕಂಡಲ್ಲೆಲ್ಲ ಸಂತ ಜಾರ್ಜ್ ಎನ್ನುತ್ತ ಹೋದರೆ ಎಡವುವುದು ಖಂಡಿತ. ಗುರುತಿನ ಜೊತೆ ಇನ್ನೇನಿದೆ, ಊರಿನ ಮುಖ್ಯ ಚರ್ಚ್ ಯಾರ ಹೆಸರಿನದು, ಹಳೆಯ ಮುದ್ರೆಯಲ್ಲಿ ಏನಿತ್ತು, ಈ ಮೂರನ್ನೂ ನೋಡಬೇಕು. ಮೂರೂ ಒಬ್ಬರನ್ನೇ ತೋರಿಸಿದರೆ ಧೈರ್ಯವಾಗಿ ಹೆಸರು ಹೇಳಬಹುದು.

1. ಸರಿಯಾದ ಚಿತ್ರ ಹುಡುಕಿಕೊಳ್ಳಿ

ನಗರಸಭೆಗಳು ಈಗ ಕಾಗದಪತ್ರ, ಬಸ್ಸು, ಕಸದ ಡಬ್ಬಿಗಳ ಮೇಲೆ ಹಾಕುವ ಲೋಗೊ ಬೇರೆ, ಲಾಂಛನ ಬೇರೆ. ಲೋಗೊದಲ್ಲಿ ಸಂತರ ಕೈಯಲ್ಲಿರುವ ವಸ್ತು ಎರಡು ಗೆರೆಗೆ ಇಳಿದಿರುತ್ತದೆ. ಅದನ್ನು ನೋಡಿ ತೀರ್ಮಾನಿಸಬೇಡಿ. ಲಾಂಛನಕ್ಕೆ ಚಿತ್ರಕ್ಕಿಂತ ಹೆಚ್ಚಾಗಿ ಬರಹದ ವಿವರಣೆಯೇ ಆಧಾರ: ಯಾವ ಬಣ್ಣದ ಗುರಾಣಿ, ಅದರಲ್ಲಿ ಏನು, ಯಾವ ಭಂಗಿಯಲ್ಲಿ ಎಂದು ಒಂದೆರಡು ವಾಕ್ಯಗಳಲ್ಲಿ ಬರೆದಿಟ್ಟಿರುತ್ತಾರೆ. ಚಿತ್ರಕಾರ ಬದಲಾದಂತೆ ಸಂತರ ಗಡ್ಡ ಉದ್ದವಾಗಬಹುದು, ಡ್ರ್ಯಾಗನ್ನಿನ ಬಾಲ ಸುರುಳಿಯಾಗಬಹುದು. ವಿವರಣೆಗೆ ಹೊಂದುವವರೆಗೆ ಎಲ್ಲವೂ ಒಂದೇ ಲಾಂಛನ. ಹಳದಿ ಮತ್ತು ಚಿನ್ನ ಒಂದೇ ಬಣ್ಣ, ಬಿಳಿ ಮತ್ತು ಬೆಳ್ಳಿ ಒಂದೇ ಬಣ್ಣ. ಒಂದು ಪುಸ್ತಕದಲ್ಲಿ ಹಳದಿ, ಇನ್ನೊಂದರಲ್ಲಿ ಚಿನ್ನ ಎಂದಿದ್ದರೆ ಎರಡು ಲಾಂಛನಗಳಿವೆ ಎಂದು ಗಾಬರಿಯಾಗಬೇಕಿಲ್ಲ.

ಕಲ್ಲಿನ ಕೆತ್ತನೆ, ನಾಣ್ಯ, ಮ್ಯಾನ್‌ಹೋಲ್ ಮುಚ್ಚಳಗಳಲ್ಲಿ ಬಣ್ಣ ಇರುವುದಿಲ್ಲ. ಅಲ್ಲಿ ಗೆರೆಗಳನ್ನು ನೋಡಿ. 17ನೇ ಶತಮಾನದಿಂದ ಬಳಕೆಗೆ ಬಂದ ಪದ್ಧತಿಯಂತೆ ನಿಂತ ಗೆರೆಗಳು ಕೆಂಪು, ಮಲಗಿದ ಗೆರೆಗಳು ನೀಲಿ, ಚುಕ್ಕೆಗಳು ಚಿನ್ನ, ಏನೂ ಇಲ್ಲದ ಬಯಲು ಬೆಳ್ಳಿ. ನೋಡುವವರ ಎಡ ಮೇಲಿನಿಂದ ಬಲ ಕೆಳಗೆ ಓರೆಯಾಗಿ ಇಳಿದ ಗೆರೆ ಹಸಿರು. ನಿಂತ ಗೆರೆ, ಮಲಗಿದ ಗೆರೆ ಎರಡೂ ಕೂಡಿದ ಚೌಕಳಿ ಕಪ್ಪು. ಅದಕ್ಕೂ ಹಿಂದಿನ ಕೆತ್ತನೆಯಲ್ಲಿ ಗೆರೆಗಳಿದ್ದರೆ ಅವು ಬರಿಯ ಅಲಂಕಾರ. ಆದ್ದರಿಂದ ಕೆತ್ತನೆಯ ಕಾಲವನ್ನು ಮೊದಲು ತಿಳಿದುಕೊಂಡು ಆಮೇಲೆ ಬಣ್ಣ ಓದಿ.

ಇನ್ನೊಂದು ತೊಡಕು ಎಡ–ಬಲದ್ದು. ಲಾಂಛನದ ವಿವರಣೆಯಲ್ಲಿ ‘ಬಲ’ ಎಂದರೆ ಗುರಾಣಿಯನ್ನು ಹಿಡಿದು ನಿಂತವನ ಬಲ, ಅಂದರೆ ಎದುರಿಗೆ ನಿಂತು ನೋಡುವ ನಮ್ಮ ಎಡ. ಮಾಸ್ಕೋದ ಈಗಿನ ಲಾಂಛನದಲ್ಲಿ ಸಂತ ಜಾರ್ಜ್ ಕುದುರೆ ಏರಿ ಸಾಗುವುದು ನಮ್ಮ ಬಲಕ್ಕೆ. 19ನೇ ಶತಮಾನದ ನಡುವೆ ಪಶ್ಚಿಮ ಯುರೋಪಿನ ನಿಯಮಕ್ಕೆ ಹೊಂದಿಸಲು ಅವರನ್ನು ಎದುರು ದಿಕ್ಕಿಗೆ ತಿರುಗಿಸಿದ್ದರು. ಹಳೆಯ ಫಲಕವೊಂದರಲ್ಲಿ ಸವಾರ ಉಲ್ಟಾ ಕಂಡರೆ ಕೆತ್ತಿದವನ ಕೈತಪ್ಪು ಎಂದು ದೂರುವ ಮೊದಲು ಫಲಕದ ವರ್ಷ ನೋಡಿ.

2. ಮನುಷ್ಯ ಆಕೃತಿ ಇದ್ದರೆ: ತಲೆ, ಕೈ, ಕಾಲು

ಈ ಕ್ರಮದಲ್ಲೇ ನೋಡಿ, ಕಂಡದ್ದನ್ನು ಹೆಸರು ಕೊಡದೆ ಬರೆದುಕೊಳ್ಳಿ. ‘ಸಂತ ನಿಕೋಲಸ್’ ಎಂದು ಬರೆದುಕೊಂಡ ಮೇಲೆ ಕಣ್ಣು ಬೇರೆಯದನ್ನು ನೋಡುವುದೇ ಇಲ್ಲ. ‘ಬಿಷಪ್ಪರ ಟೊಪ್ಪಿ, ಬಾಗಿದ ತಲೆಯ ದಂಡ, ಇನ್ನೊಂದು ಕೈಯಲ್ಲಿ ಊರಿನ ಮಾದರಿ’ ಎಂದು ಬರೆದುಕೊಂಡರೆ ಮುಂದಿನ ಕೆಲಸ ಹಗುರ.

ತಲೆಯ ಸುತ್ತಲಿನ ಪ್ರಭಾವಳಿಯನ್ನು ಅತಿಯಾಗಿ ನಂಬಬೇಡಿ. ಪವಿತ್ರ ರೋಮನ್ ಸಾಮ್ರಾಜ್ಯದ ಎರಡು ತಲೆಯ ಹದ್ದಿಗೂ ಪ್ರಭಾವಳಿ ಇದೆ. ಬಿಷಪ್ಪರ ಟೊಪ್ಪಿಯೊಂದರಿಂದಲೂ ಹೆಚ್ಚೇನೂ ತಿಳಿಯದು, ಬಿಷಪ್ ಆಗಿದ್ದ ಸಂತರು ನೂರಾರು. ಕಿರೀಟವಿದ್ದರೆ ರಾಜಸಂತರು: ಸ್ಟಾಕ್‌ಹೋಮಿನ ನೀಲಿ ಗುರಾಣಿಯಲ್ಲಿರುವ ಕಿರೀಟಧಾರಿ ತಲೆ ಸಂತ ಎರಿಕ್‌ರದ್ದು. ಅವರು 12ನೇ ಶತಮಾನದ ಸ್ವೀಡನ್ನಿನ ದೊರೆ. 1376ರ ನಗರಮುದ್ರೆಯಲ್ಲೇ ಅವರ ತಲೆ ಇತ್ತು. ಮುದ್ರೆ ನೋಡದವರಿಗೆ ಅದು ಯಾವನೋ ರಾಜ ಅಷ್ಟೇ. ಸೆವಿಲ್ಲಾದಲ್ಲಿ ಸಿಂಹಾಸನದ ಮೇಲೆ ಕೂತವರು ಸಂತ ಮೂರನೆಯ ಫರ್ಡಿನಾಂಡ್, ಅಕ್ಕಪಕ್ಕ ನಿಂತ ಬಿಷಪ್ಪರು ಇಸಿದೋರ್ ಮತ್ತು ಲಿಯಾಂಡರ್. ಮೂವರೂ ಆ ಊರಿಗೆ ಸಂಬಂಧಪಟ್ಟವರೇ. ರೆಕ್ಕೆಗಳಿದ್ದು ಕೈಯಲ್ಲಿ ಖಡ್ಗ ಇಲ್ಲವೇ ಭರ್ಜಿ ಇದ್ದರೆ ಪ್ರಧಾನ ದೇವದೂತ ಮಿಕಾಯೇಲ್: ಬ್ರಸೆಲ್ಸ್, ಕೀವ್, ಅರ್ಖಾಂಗೆಲ್ಸ್ಕ್, ಜರ್ಮನಿಯ ಯೇನಾ. ಅರ್ಖಾಂಗೆಲ್ಸ್ಕ್‌ನಲ್ಲಿ ಚಿನ್ನದ ಗುರಾಣಿ, ನೀಲಿ ಉಡುಪು, ಕೆಂಪು ಉರಿಯುವ ಖಡ್ಗ, ಕಾಲ ಕೆಳಗೆ ಕಪ್ಪು ದೆವ್ವ. ಯೇನಾದಲ್ಲಿ ಡ್ರ್ಯಾಗನ್ನಿನ ಜೊತೆಗೆ ದ್ರಾಕ್ಷಿ ಗೊಂಚಲು ಇರುತ್ತದೆ. ಅದು ಸುತ್ತಲಿನ ದ್ರಾಕ್ಷಿ ತೋಟಗಳದ್ದು, ಸಂತರದ್ದಲ್ಲ. ಹೀಗೆ ಊರಿನ ಕಸುಬು ಮತ್ತು ಸಂತರ ಗುರುತು ಒಂದೇ ಗುರಾಣಿಯಲ್ಲಿ ಬೆರೆತಿರುವುದು ಸಾಮಾನ್ಯ, ಬಿಡಿಸಿ ನೋಡಬೇಕು.

ಕೈಯಲ್ಲಿ ಖರ್ಜೂರದ ಗರಿ ಇದ್ದರೆ ರಕ್ತಸಾಕ್ಷಿ, ಅಂದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರು ಎಂದಷ್ಟೇ ಅರ್ಥ, ಯಾರು ಎಂದು ಅದು ಹೇಳುವುದಿಲ್ಲ. ಊರಿನ ಪುಟ್ಟ ಮಾದರಿ ಇದ್ದರೆ ಆ ಊರಿನ ಪಾಲಕರು. ದುಬ್ರೋವ್ನಿಕ್‌ನ ಸಂತ ಬ್ಲೇಸ್ ಹಾಗೆ ಊರನ್ನೇ ಅಂಗೈಯಲ್ಲಿ ಹಿಡಿದಿರುತ್ತಾರೆ. ಹೆಗಲ ಮೇಲೆ ಮಗು, ಕಾಲ ಕೆಳಗೆ ನೀರು ಎಂದರೆ ಯೇಸುಬಾಲಕನನ್ನು ಹೊಳೆ ದಾಟಿಸಿದ ಸಂತ ಕ್ರಿಸ್ಟೋಫರ್: ವಿಲ್ನಿಯಸ್ ನಗರ. ಯಾತ್ರಿಕನ ಉಡುಪು, ಊರುಗೋಲು, ಚಿಪ್ಪು ಎಂದರೆ ಸಂತ ಯಾಕೋಬ: ಪೋಲೆಂಡಿನ ಓಲ್ಷ್ಟಿನ್. ಆದರೆ ಸಂತ ರೋಕ್ ಕೂಡ ಯಾತ್ರಿಕರೇ, ಅವರಿಗೂ ಚಿಪ್ಪು ಇರಬಹುದು. ಬಟ್ಟೆ ಸರಿಸಿ ತೊಡೆಯ ಹುಣ್ಣು ತೋರಿಸುತ್ತಿದ್ದು ಪಕ್ಕದಲ್ಲಿ ನಾಯಿ ಇದ್ದರೆ ಅವರು ರೋಕ್.

ಕುದುರೆ ಸವಾರ ಕಂಡರೆ ಕೈಯ ಆಯುಧ ಮತ್ತು ಕುದುರೆಯ ಕಾಲ ಬುಡ ಎರಡನ್ನೂ ನೋಡಿ. ಭರ್ಜಿ, ಕೆಳಗೆ ಡ್ರ್ಯಾಗನ್: ಜಾರ್ಜ್. ಖಡ್ಗದಿಂದ ತನ್ನ ಮೇಲಂಗಿಯನ್ನೇ ಕೊಯ್ಯುತ್ತಿದ್ದಾನೆ, ಕೆಳಗೆ ಭಿಕ್ಷುಕ: ಸಂತ ಮಾರ್ಟಿನ್. ಸ್ಲೊವಾಕಿಯಾದ ಮಾರ್ಟಿನ್ ಎಂಬ ಊರಿನ ಲಾಂಛನವೇ ಅದು. ಖಡ್ಗ ಎತ್ತಿದ್ದಾನೆ, ಕೆಳಗೆ ಏನೂ ಇಲ್ಲ: ಸಂತನೇ ಅಲ್ಲದಿರಬಹುದು. ಲಿಥುವೇನಿಯಾದ ರಾಷ್ಟ್ರಲಾಂಛನದ ಸವಾರ ಅಂಥ ಯೋಧ. ಇನ್ನು ಡ್ರ್ಯಾಗನ್ ಒಬ್ಬರ ಆಸ್ತಿಯಲ್ಲ. ಪೋಲೆಂಡಿನ ನೋವಿ ಸೋಂಚ್ ನಗರದಲ್ಲಿ ಡ್ರ್ಯಾಗನ್ನಿನ ಜೊತೆ ನಿಂತವಳು ಹೆಂಗಸು, ಸಂತ ಮಾರ್ಗರೆಟ್. ಲ್ಯೂಬ್ಲಿಯಾನಾ, ಕ್ಲಾಗೆನ್‌ಫುರ್ಟ್‌ಗಳ ಗುರಾಣಿಯಲ್ಲಿ ಡ್ರ್ಯಾಗನ್ ಇದೆ, ಸಂತರೇ ಇಲ್ಲ.

ಆಕೃತಿ ಓದುವುದಕ್ಕೆ ಒಳ್ಳೆಯ ಪರೀಕ್ಷೆ ಓಸ್ಲೋ. ಸಿಂಹದ ತಲೆಗಳಿರುವ ಆಸನದಲ್ಲಿ ಒಬ್ಬ ಯುವಕ ಕೂತಿದ್ದಾನೆ. ಒಂದು ಕೈಯಲ್ಲಿ ಬೀಸುವ ಕಲ್ಲು, ಇನ್ನೊಂದರಲ್ಲಿ ಮೂರು ಬಾಣ, ಕಾಲ ಬಳಿ ಮಲಗಿದ ಹೆಂಗಸು. ಡ್ರ್ಯಾಗನ್ನನ್ನು ತುಳಿದು ನಿಲ್ಲುವ ಸಂತರನ್ನು ನೋಡಿ ಅಭ್ಯಾಸವಾದವರು ಇಲ್ಲಿ ಹೆಂಗಸು ಸೋತ ಶತ್ರು ಎಂದುಕೊಳ್ಳುತ್ತಾರೆ. ಕಥೆ ಅದಕ್ಕೆ ಪೂರ್ತಿ ವಿರುದ್ಧ. ಕಳ್ಳತನದ ಆರೋಪ ಹೊತ್ತು ಓಡಿಬಂದ ಹೆಂಗಸನ್ನು ಕಾಪಾಡಲು ಆ ಯುವಕ, ಊರಿನ ಪಾಲಕ ಸಂತ ಹಾಲ್ವಾರ್, ದೋಣಿ ಹತ್ತಿಸಿಕೊಂಡರು, ಬೆನ್ನಟ್ಟಿ ಬಂದವರು ಅವರನ್ನು ಬಾಣ ಬಿಟ್ಟು ಕೊಂದರು, ಹೆಣಕ್ಕೆ ಬೀಸುವ ಕಲ್ಲು ಕಟ್ಟಿ ನೀರಿಗೆಸೆದರು, ಆದರೂ ಹೆಣ ತೇಲಿತು ಎನ್ನುತ್ತದೆ ಐತಿಹ್ಯ. 1043ರ ಸುಮಾರಿನ ಘಟನೆ ಎನ್ನುತ್ತಾರೆ. ಕಲ್ಲು, ಬಾಣ, ಹೆಂಗಸು ಮೂರೂ ಒಂದೇ ಕಥೆಯ ಮೂರು ತುಣುಕು. ಬಾಣವನ್ನಷ್ಟೇ ನೋಡಿ, ಬಾಣಗಳಿಗೆ ಗುರಿಯಾದ ಸಂತ ಸೆಬಾಸ್ಟಿಯನ್ ಎಂದರೆ ಕೆಟ್ಟಿತು.

ತಲೆ ಮಾತ್ರ ಇರುವ ಗುರಾಣಿಗಳೂ ಇವೆ. ಪೋಲೆಂಡಿನ ವ್ರೋತ್ಸ್ವಾಫ್ ಲಾಂಛನದಲ್ಲಿ ಎರಡು ತಲೆ, ಇಬ್ಬರ ಹೆಸರೂ ಯೊವಾನ್ನ. ಗುರಾಣಿ ನಾಲ್ಕು ಭಾಗ: ಬೊಹೀಮಿಯಾದ ಸಿಂಹ, ಸೈಲೀಸಿಯಾದ ಕಪ್ಪು ಹದ್ದು, ಡಬ್ಲ್ಯೂ ಅಕ್ಷರ, ಕೊನೆಯ ಭಾಗದಲ್ಲಿ ತಲೆಕೆಳಗಾದ ಕಿರೀಟದ ಮೇಲೆ ಎಳೆಯ ಮುಖದ ಶುಭಸಂದೇಶಕಾರ (ಬೈಬಲ್ಲಿನ ಸುವಾರ್ತೆ ಬರೆದ) ಯೊವಾನ್ನ. ನಟ್ಟನಡುವೆ ಬೆಳ್ಳಿಯ ತಟ್ಟೆ, ಅದರಲ್ಲಿ ಗಡ್ಡದ ತಲೆ, ಸ್ನಾನಿಕ ಯೊವಾನ್ನ (ಜಾನ್ ದ ಬ್ಯಾಪ್ಟಿಸ್ಟ್). ತಟ್ಟೆ ಇದ್ದರೆ ಶಿರಚ್ಛೇದವಾದ ಸ್ನಾನಿಕರು, ಗಡ್ಡವಿಲ್ಲದ ಎಳೆಯ ಮುಖವಾದರೆ ಶುಭಸಂದೇಶಕಾರರು ಎಂದು ನೆನಪಿಟ್ಟುಕೊಳ್ಳಿ. ನಗರದ ಪ್ರಧಾನ ಚರ್ಚ್ ಸ್ನಾನಿಕ ಯೊವಾನ್ನರದ್ದೇ. 1530ರಲ್ಲಿ ಸಿಕ್ಕ ಈ ಲಾಂಛನವನ್ನು ನಾಜಿಗಳು 1938ರಲ್ಲಿ ತೆಗೆದರು. ಯುದ್ಧದ ನಂತರದ ಕಮ್ಯುನಿಸ್ಟ್ ಆಡಳಿತ ಬೇರೆಯದನ್ನು ತಂದಿತು. ಹಳೆಯದು ಮರಳಿದ್ದು 1990ರಲ್ಲಿ.

3. ವಸ್ತು ಮಾತ್ರ ಇದ್ದರೆ: ಒಂದಕ್ಕೆ ಹಲವು ಹೆಸರು

ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ. ಒಂದು ವಸ್ತು ಕಂಡ ಕೂಡಲೇ ಅದಕ್ಕೆ ಸಲ್ಲುವ ಎಲ್ಲ ಹೆಸರುಗಳನ್ನೂ ಬರೆದು, ಜೊತೆಗಿರುವ ಎರಡನೆಯ ವಸ್ತುವಿನಿಂದ ಒಂದೊಂದನ್ನೇ ಹೊಡೆದುಹಾಕುತ್ತ ಬನ್ನಿ.

ಬೀಗದ ಕೈ ಸ್ವರ್ಗದ ಬಾಗಿಲಿನದು, ಸಂತ ಪೇತ್ರರಿಗೆ ಯೇಸು ಕೊಟ್ಟದ್ದು. ಬ್ರೆಮೆನ್ ನಗರದಲ್ಲಿ ಕೆಂಪಿನ ಮೇಲೆ ಒಂದೇ ಬೆಳ್ಳಿ ಕೀಲಿ, ರೇಗೆನ್ಸ್‌ಬರ್ಗ್‌ನಲ್ಲಿ ಕೆಂಪಿನ ಮೇಲೆ ಎರಡು ಬೆಳ್ಳಿ ಕೀಲಿ ಅಡ್ಡಡ್ಡ, ಲೈಡನ್‌ನಲ್ಲಿ ಬಿಳಿಯ ಮೇಲೆ ಎರಡು ಕೆಂಪು ಕೀಲಿ, ಜಿನೀವಾದಲ್ಲಿ ಅರ್ಧ ಹದ್ದಿನ ಪಕ್ಕ ಒಂದು ಚಿನ್ನದ ಕೀಲಿ. ನಾಲ್ಕೂ ಊರುಗಳ ಮುಖ್ಯ ಹಳೆಯ ಚರ್ಚ್ ಪೇತ್ರರ ಹೆಸರಿನದು. ಹಾಗಾಗಿ ಅನುಮಾನವಿಲ್ಲ. ಜಿಬ್ರಾಲ್ಟರ್‌ನ ಕೋಟೆಯ ಬಾಗಿಲಿಂದ ಇಳಿಬಿದ್ದ ಕೀಲಿಗೆ ಪೇತ್ರರ ಸಂಬಂಧವೇ ಇಲ್ಲ. 1502ರಲ್ಲಿ ರಾಣಿ ಇಸಾಬೆಲ್ಲಾ ಕೊಟ್ಟ ಆ ಲಾಂಛನದ ಕೀಲಿ, ಸ್ಪೇನಿಗೆ ಆ ಬಂಡೆಯೇ ಹೆಬ್ಬಾಗಿಲು ಎನ್ನುವುದಕ್ಕೆ. ಕೀಲಿ ಕೋಟೆಗೆ ತಗುಲಿಕೊಂಡಿದ್ದರೆ ಮೊದಲು ಭೂಗೋಳ ನೋಡಿ, ಆಮೇಲೆ ಬೈಬಲ್. ಕೀಲಿ ಮತ್ತು ಖಡ್ಗ ಅಡ್ಡಡ್ಡ ಇದ್ದರೆ ಪೇತ್ರ ಮತ್ತು ಪೌಲ ಜೊತೆಯಾಗಿ: ಎಸ್ಟೋನಿಯಾದ ತಾರ್ತು, ಜರ್ಮನಿಯ ನೌಮ್‌ಬರ್ಗ್. ಸೇಂಟ್ ಪೀಟರ್ಸ್‌ಬರ್ಗ್‌ನದು ಬೇರೆಯೇ ಚಮತ್ಕಾರ: ಅಲ್ಲಿ ಅಡ್ಡಡ್ಡ ಇರುವುದು ಎರಡು ಲಂಗರು, ಒಂದು ಕಡಲಿನದು, ಒಂದು ನದಿಯದು. ಆದರೆ ಜೋಡಿಸಿದ ರೀತಿ ವ್ಯಾಟಿಕನ್ನಿನ ಕೀಲಿಗಳದ್ದೇ. ಬಂದರಿನ ಊರು ತನ್ನ ಪಾಲಕ ಪೇತ್ರರನ್ನು ಲಂಗರಿನಲ್ಲೇ ಬರೆದುಕೊಂಡಿದೆ.

ಖಡ್ಗವೊಂದೇ ಇದ್ದರೆ ಪೌಲರಿರಬಹುದು. ಲಂಡನ್ ಸಿಟಿಯ ಬಿಳಿ ಗುರಾಣಿಯಲ್ಲಿ ಕೆಂಪು ಶಿಲುಬೆ, ಅದರ ಮೂಲೆಯಲ್ಲಿ ಕೆಂಪು ಖಡ್ಗ. 1381ರ ರೈತ ದಂಗೆಯಲ್ಲಿ ವಾಟ್ ಟೈಲರ್‌ನನ್ನು ಇರಿದ ಮೇಯರ್ ವಾಲ್‌ವರ್ತ್‌ನ ಬಾಕು ಅದು ಎಂಬ ಕಥೆಯನ್ನು ಇಂದಿಗೂ ಗೈಡ್‌ಗಳು ಹೇಳುತ್ತಾರೆ. ದಂಗೆ ನಡೆದದ್ದು ಜೂನ್ ತಿಂಗಳಲ್ಲಿ. ಖಡ್ಗವಿರುವ ಹೊಸ ನಗರಮುದ್ರೆ ಬಳಕೆಗೆ ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಎರಡು ತಿಂಗಳ ಅಂತರ ಇಡೀ ಕಥೆಯನ್ನು ಉರುಳಿಸುತ್ತದೆ. ಖಡ್ಗ ಲಂಡನ್ನಿನ ಪಾಲಕ ಪೌಲರದ್ದು.

ಮೂರು ಕಿರೀಟಗಳ ಲೆಕ್ಕ ಇನ್ನೂ ಸ್ವಾರಸ್ಯ. ಕಲೋನ್ ನಗರದ ಕೆಂಪು ಪಟ್ಟಿಯಲ್ಲಿ ಸಾಲಾಗಿ ಮೂರು ಚಿನ್ನದ ಕಿರೀಟ, ಕೆಳಗೆ ಬೆಳ್ಳಿಯ ಮೇಲೆ ಹನ್ನೊಂದು ಕಪ್ಪು ಹನಿಗಳಂಥ ಜ್ವಾಲೆ. ಕಿರೀಟಗಳು ಬೆತ್ಲೆಹೇಮಿಗೆ ಬಂದ ಮೂವರು ಜ್ಞಾನಿಗಳದ್ದು, ಅವರವೆಂದು ನಂಬಲಾದ ಅವಶೇಷಗಳು 1164ರಲ್ಲಿ ಮಿಲಾನಿನಿಂದ ಕಲೋನ್‌ಗೆ ಬಂದವು. ಹನ್ನೊಂದು ಜ್ವಾಲೆ ಸಂತ ಉರ್ಸುಲಾ ಮತ್ತು ಅವಳ ಜೊತೆ ಪ್ರಾಣ ಕೊಟ್ಟ ಹನ್ನೊಂದು ಸಾವಿರ ಕನ್ಯೆಯರ ನೆನಪಿಗೆ. ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲೂ ನೀಲಿಯ ಮೇಲೆ ಮೂರು ಚಿನ್ನದ ಕಿರೀಟ, ಆದರೆ ಒಂದೊಂದನ್ನೂ ಎರಡು ಬಾಣ ಚುಚ್ಚಿ ಅಡ್ಡಡ್ಡ ಹಾದುಹೋಗಿವೆ. ಆ ಬಾಣಗಳೇ ಸುಳಿವು: 869ರಲ್ಲಿ ಡೇನರು ಕೊಂದ ದೊರೆ ಸಂತ ಎಡ್ಮಂಡ್. ಗುರಾಣಿಯ ಮೇಲಿನ ಶಿಖೆಯಲ್ಲಿ ತೋಳವೊಂದು ಅವರ ತಲೆಯನ್ನು ಕಾಯುತ್ತಿದೆ. ಕಾಲ್ಚೆಸ್ಟರ್‌ನಲ್ಲಿ ಮೂರು ಕಿರೀಟದ ಜೊತೆ ಕೊಂಬೆ ಕಡಿದ ಮರದ ಶಿಲುಬೆ ಮತ್ತು ಮೊಳೆಗಳಿದ್ದರೆ ಅದು ಯೇಸುವಿನ ಶಿಲುಬೆಯನ್ನು ಹುಡುಕಿದ ಸಂತ ಹೆಲೆನಾ. ಹಲ್ ಬಂದರಿನಲ್ಲಿ ಮೂರು ಕಿರೀಟ ಒಂದರ ಮೇಲೊಂದು, ಜೊತೆಗೆ ಏನೂ ಇಲ್ಲ. ಅಲ್ಲಿ ಸಂತರ ಹೆಸರು ಹೇಳಬೇಡಿ.

ಬಾಣದ ಪಟ್ಟಿಯೂ ಉದ್ದವೇ. ಬಿಡಿ ಬಾಣಗಳು ಹೆಚ್ಚಾಗಿ ಸೆಬಾಸ್ಟಿಯನ್‌ರದ್ದು. ರಿಯೊ ಡಿ ಜನೈರೊದ ಪೂರ್ಣ ಹೆಸರಿನಲ್ಲಿ ಸಂತ ಸೆಬಾಸ್ಟಿಯನ್ ಇದ್ದಾರೆ, ಅದರ ನೀಲಿ ಗುರಾಣಿಯಲ್ಲಿ ಮೂರು ಬಾಣಗಳೂ ಇವೆ. ಸ್ಪೇನಿನ ಸಾನ್ ಸೆಬಾಸ್ಟಿಯನ್ ನಗರದ ಲಾಂಛನದಲ್ಲಿ ಮಾತ್ರ ಇರುವುದು ಹಡಗು. ಊರಿನ ಹೆಸರಿನಿಂದ ಲಾಂಛನವನ್ನು ಊಹಿಸುವ ಚಟ ಬಿಡಬೇಕು ಎನ್ನುವುದು ಇದಕ್ಕೇ.

ಕಪ್ಪು ಹಕ್ಕಿಗಳನ್ನು ಎಣಿಸಿ, ಅವು ಎಲ್ಲಿವೆ ನೋಡಿ. ಲಿಸ್ಬನ್ನಿನಲ್ಲಿ ಹಡಗಿನ ಎರಡು ತುದಿಯಲ್ಲಿ ಎರಡು ದೊಡ್ಡ ಕಾಗೆ: 1173ರಲ್ಲಿ ಸಂತ ವಿನ್ಸೆಂಟರ ಅವಶೇಷಗಳನ್ನು ಹಡಗಿನಲ್ಲಿ ತಂದಾಗ ಜೊತೆಗೇ ಬಂದವು ಎನ್ನುವ ಕಾಗೆಗಳು. ಸ್ವಿಟ್ಸರ್ಲೆಂಡಿನ ಐನ್‌ಸೀಡೆಲ್ನ್‌ನಲ್ಲಿ ಹಾರುವ ಎರಡು ಕಾಗೆ: 861ರಲ್ಲಿ ತಪಸ್ವಿ ಮೈನ್‌ರಾಡ್‌ರನ್ನು ಕೊಂದ ಇಬ್ಬರು ಕಳ್ಳರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದುಕೊಟ್ಟವು. ಕ್ಯಾಂಟರ್‌ಬರಿಯ ಮೂರು ಕಪ್ಪು ಹಕ್ಕಿಗಳು ದೂರದಿಂದ ಕಾಗೆಯಂತೆಯೇ ಕಂಡರೂ ಕೊಕ್ಕು, ಕಾಲು ಕೆಂಪು. ಅವು ಅಲ್ಲೇ ಕೊಲೆಯಾದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ರ ಹಕ್ಕಿಗಳು. ಕೊಕ್ಕಿನ ಬಣ್ಣ ನೋಡದೆ ಮುಂದೆ ಹೋಗಬೇಡಿ.

ಕರಡಿಗೂ ಹಾಗೆಯೇ. ಬೆನ್ನ ಮೇಲೆ ಕೆಂಪು ಹೊರೆ ಹೊತ್ತ ಕರಡಿ ಫ್ರೈಸಿಂಗ್‌ನದು: ರೋಮಿಗೆ ಹೋಗುವಾಗ ತನ್ನ ಹೇರು ಕುದುರೆಯನ್ನು ಕೊಂದ ಕರಡಿಯ ಮೇಲೆ ಸಂತ ಕೋರ್ಬಿನಿಯನ್ ಹೇರನ್ನೇ ಹೊರಿಸಿದರಂತೆ. ಬವೇರಿಯಾದವರೇ ಆದ 16ನೇ ಬೆನೆಡಿಕ್ಟ್ ಪೋಪರ ಲಾಂಛನದಲ್ಲೂ ಇದೇ ಕರಡಿ. ಚಿನ್ನದ ಕೊರಳಪಟ್ಟಿಯ ಕರಡಿ ಸೇಂಟ್ ಗ್ಯಾಲನ್‌ನದು. ಸಂತ ಗಾಲ್‌ರ ಒಲೆಗೆ ಕಟ್ಟಿಗೆ ತಂದು ರೊಟ್ಟಿ ತಿಂದು ಹೋದ ಕರಡಿ ಅದು. ಪಟ್ಟಿ ಮಾತ್ರ ಸಂತರದ್ದಲ್ಲ, 1475ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಕೊಟ್ಟ ಮರ್ಯಾದೆ. ಬರ್ನ್ ಮತ್ತು ಬರ್ಲಿನ್ ಕರಡಿಗಳಿಗೆ ಸಂತರಿಲ್ಲ, ಕರಡಿಯ ಜರ್ಮನ್ ಹೆಸರಾದ ‘ಬೇರ್’ಗೆ ಹತ್ತಿರವಾದ ಊರಿನ ಹೆಸರಿನ ಸದ್ದೇ ಕಾರಣ.

ಚಕ್ರ ನಮ್ಮ ಪಕ್ಕದ ಊರಿಗೂ ಬಂದಿದೆ. ಅಂಚಿನಲ್ಲಿ ಚೂಪು ಕತ್ತಿಗಳಿರುವ ಚಕ್ರ ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳದ್ದು. ಅವಳನ್ನು ಹಿಂಸಿಸಲು ತಂದದ್ದು ಎನ್ನುವ ಕಥೆ. ಪೋರ್ಚುಗೀಸ್ ಇಂಡಿಯಾದ ಲಾಂಛನದಲ್ಲಿ ಇದೇ ಚಿನ್ನದ ಚಕ್ರವಿತ್ತು. ಅಲ್ಬುಕರ್ಕ್ ಗೋವಾವನ್ನು ಗೆದ್ದದ್ದು 1510ರ ನವೆಂಬರ್ 25ರಂದು, ಕ್ಯಾಥರೀನಳ ಹಬ್ಬದ ದಿನ. ಗೋವಾದ ಮೇಲೆ ಏರಿಹೋಗಲು ಅವನಿಗೆ ಹುರಿದುಂಬಿಸಿದವನು ಹೊನ್ನಾವರದ ಕಡೆಯ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಹಳೆ ಗೋವಾದ ಸೇ ಕೆಥಡ್ರಲ್ ಕೂಡ ಅವಳ ಹೆಸರಿನದೇ. ಲಾತ್ವಿಯಾದ ಕುಲ್ದೀಗಾ ನಗರದಲ್ಲಿ ಚಕ್ರದ ಜೊತೆ ಕ್ಯಾಥರೀನಳೇ ಇದ್ದಾಳೆ. ಅಂಚಿನಲ್ಲಿ ಕತ್ತಿ ಇಲ್ಲದ ಸಾದಾ ಚಕ್ರ ಕಂಡರೆ ನಿಲ್ಲಿ. ಮೈನ್ಸ್‌ನ ಕೆಂಪು ಗುರಾಣಿಯ ಜೋಡಿ ಬೆಳ್ಳಿ ಚಕ್ರ, ಓಸ್ನಾಬ್ರುಕ್‌ನ ಆರು ಅರೆಯ ಚಕ್ರ ಅವಳವಲ್ಲ.

ಕುರಿಮರಿ ಬಾವುಟ ಹಿಡಿದಿದ್ದರೆ ‘ಇಗೋ ದೇವರ ಕುರಿಮರಿ’ ಎಂದ ಸ್ನಾನಿಕ ಯೊವಾನ್ನರನ್ನು ಮೊದಲು ನೆನೆಯಿರಿ. ಸ್ಕಾಟ್ಲೆಂಡಿನ ಪರ್ತ್ ಹಿಂದೆ ಸೇಂಟ್ ಜಾನ್ಸ್ ಟೌನ್ ಎಂದೇ ಹೆಸರಾಗಿತ್ತು, ಅಲ್ಲಿ ಈ ಓದು ಸರಿ. ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಮಾತ್ರ ಕುರಿಮರಿಯನ್ನು ಸಂತ ವಿಲ್‌ಫ್ರಿಡ್‌ರದ್ದು ಎನ್ನುತ್ತಾರೆ. ಬಿಳಿಯ ಮೇಲೆ ಕೆಂಪು ಶಿಲುಬೆ ಜಿನೋವಾದಲ್ಲಿ ಜಾರ್ಜ್‌ರದ್ದು, ಮಿಲಾನಿನಲ್ಲಿ ಅದೇ ಶಿಲುಬೆಯನ್ನು ಆಂಬ್ರೋಸ್‌ರದ್ದು ಎಂದು ಕರೆಯುತ್ತಾರೆ. ನೀಲಿಯ ಮೇಲೆ ಚಿನ್ನದ ಓರೆ ಶಿಲುಬೆ ಇಂಗ್ಲೆಂಡಿನಲ್ಲಿ ಆಲ್ಬನ್‌ರದ್ದು.

ಕಬ್ಬಿಣದ ಸರಳುಗಳ ಜಾಲರಿ ಹೆಚ್ಚು ತೊಡಕಿಲ್ಲದ ಗುರುತು. ಬೆಂಕಿಯ ಮೇಲೆ ಸುಟ್ಟು ಕೊಲ್ಲಲ್ಪಟ್ಟ ಸಂತ ಲಾರೆನ್ಸರದ್ದು ಅದು. ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿಬಂದವರಿಗೆ ಈ ಸಂತರು ಹೊಸಬರಲ್ಲ. ಸ್ಪೇನಿನ ಸಾನ್ ಲೊರೆಂಜೊ ದೆ ಎಲ್ ಎಸ್ಕೋರಿಯಲ್‌ನಲ್ಲಿ ಜಾಲರಿ ಎದ್ದು ಕಾಣುತ್ತದೆ. ಅಲ್ಲಿನ ಮಠವನ್ನು ಕಟ್ಟಿಸಿದ ಸ್ಪೇನಿನ ದೊರೆ ಎರಡನೆಯ ಫಿಲಿಪ್‌ನ ಸೇನೆ ಸೇಂಟ್ ಕ್ವೆಂಟಿನ್ ಕದನವನ್ನು ಗೆದ್ದದ್ದು 1557ರ ಆಗಸ್ಟ್ 10, ಲಾರೆನ್ಸರ ಹಬ್ಬದಂದು.

4. ಚರ್ಚ್, ಹಬ್ಬ, ಮುದ್ರೆಗಳ ಜೊತೆ ತಾಳೆ ನೋಡಿ

ಊರಿನ ಅತಿ ಹಳೆಯ ಚರ್ಚ್ ಯಾವ ಸಂತರಿಗೆ ಅರ್ಪಿತ ಎಂದು ನೋಡಿ. ಈಗ ದೊಡ್ಡದಾಗಿರುವ ಚರ್ಚ್ ಆಗಬೇಕೆಂದಿಲ್ಲ, ಲಾಂಛನ ಹುಟ್ಟಿದ ಕಾಲಕ್ಕೆ ಮುಖ್ಯವಾಗಿದ್ದುದು ಬೇಕು. ಊರು ಗೆದ್ದ ದಿನ, ಸನ್ನದು ಸಿಕ್ಕ ದಿನ, ವರ್ಷದ ಸಂತೆಯ ದಿನ ಯಾವ ಸಂತರ ಹಬ್ಬಕ್ಕೆ ಬೀಳುತ್ತದೆ ನೋಡಿ. ಗೋವಾದ ಚಕ್ರಕ್ಕೆ ಉತ್ತರ ಸಿಕ್ಕುವುದು ಪಂಚಾಂಗದಲ್ಲೇ.

ಆಮೇಲೆ ಮುದ್ರೆ. ನಗರಗಳು ಮೊದಲು ಮೇಣದ ಮೇಲೆ ಒತ್ತುವ ದುಂಡು ಮುದ್ರೆ ಮಾಡಿಸಿಕೊಂಡವು, ಗುರಾಣಿ ಅದರ ಬೆನ್ನಿಗೆ ಬಂತು. ದುಂಡು ಮುದ್ರೆಯಲ್ಲಿ ಸಂತರ ಪೂರ್ತಿ ಆಕೃತಿಗೆ ಜಾಗವಿತ್ತು, ಸುತ್ತ ಅಂಚಿನಲ್ಲಿ ಲ್ಯಾಟಿನ್ ಬರಹವೂ ಇರುತ್ತಿತ್ತು. ಗುರಾಣಿ ದೂರದಿಂದ ಕಾಣಬೇಕು, ಹಾಗಾಗಿ ಅಲ್ಲಿ ಕೈಯ ವಸ್ತು ಮಾತ್ರ ಉಳಿಯಿತು. ಜ್ಯೂರಿಕ್ ಇನ್ನೂ ಮುಂದೆ ಹೋಗಿದೆ: ಅದರ ಹಳೆಯ ಮುದ್ರೆಯಲ್ಲಿ ಕಡಿದ ತಲೆಗಳನ್ನು ತಮ್ಮ ಕೈಯಲ್ಲೇ ಹಿಡಿದು ನಿಂತ ಸಂತರು, ಫೆಲಿಕ್ಸ್, ರೆಗುಲಾ ಮತ್ತು ಅವರ ಸಂಗಡಿಗ. ಗುರಾಣಿಯಲ್ಲಿ ಮಾತ್ರ ಓರೆಯಾಗಿ ಸೀಳಿದ ಬಿಳಿ–ನೀಲಿ, ಬೇರೇನೂ ಇಲ್ಲ. ಉಟ್ರೆಕ್ಟ್‌ನ ಓರೆಯಾಗಿ ಸೀಳಿದ ಕೆಂಪು–ಬಿಳಿಯನ್ನು ಅಲ್ಲಿಯವರು ಮಾರ್ಟಿನ್‌ರ ಕೊಯ್ದ ಕೆಂಪು ಮೇಲಂಗಿ ಎಂದು ಓದುತ್ತಾರೆ. ಪ್ರಧಾನ ಚರ್ಚ್ ಮಾರ್ಟಿನ್‌ರದ್ದಾದ್ದರಿಂದ ಆ ಓದಿಗೆ ಬಲವಿದೆ. ಆದರೂ ಅದೇ ತರ್ಕವನ್ನು ಓರೆ ಗೆರೆಯಿರುವ ಎಲ್ಲ ಗುರಾಣಿಗೂ ಹಚ್ಚಲಾಗದು.

ಸಂತರು ಇರಬೇಕಾದಲ್ಲಿ ಕಾಣದಿದ್ದರೆ ಯಾವ ಕಾಲದ ಚಿತ್ರ ಎಂದು ಕೇಳಿ. ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ ಕೆಲವೆಡೆ ಆಕೃತಿ ಹೋಗಿ ವಸ್ತು ಮಾತ್ರ ಉಳಿಯಿತು. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಫ್ರಾನ್ಸಿನ ಲಾಂಛನಗಳೇ ರದ್ದಾದವು. ಸೋವಿಯತ್ ಕಾಲದಲ್ಲಿ ಮಾಸ್ಕೋದ ಜಾರ್ಜ್ ಇಳಿದು ನಕ್ಷತ್ರ, ಸುತ್ತಿಗೆ–ಕುಡುಗೋಲು ಬಂದವು, ಅವರು ಮರಳಿದ್ದು 1993ರಲ್ಲಿ. ವಿಲ್ನಿಯಸ್‌ನ ಕ್ರಿಸ್ಟೋಫರ್ ಕೂಡ 1990ರ ದಶಕದ ಆರಂಭದಲ್ಲೇ ಹಿಂದಿರುಗಿದರು.

5. ಒಂದನ್ನು ಪೂರ್ತಿ ಓದಿ ನೋಡೋಣ: ಗ್ಲಾಸ್ಗೋ

ಬೆಳ್ಳಿಯ ಗುರಾಣಿ. ಕೆಳಗೆ ಹಸಿರು ದಿಬ್ಬ, ಅದರ ಮೇಲೆ ಓಕ್ ಮರ. ಮರದ ತುದಿಯಲ್ಲಿ ಕೆಂಪು ಎದೆಯ ರಾಬಿನ್ ಹಕ್ಕಿ. ನಮ್ಮ ಬಲಗಡೆ ಹಳೆಯ ಕೈಗಂಟೆ. ಮರದ ಬುಡದಲ್ಲಿ ಅಡ್ಡಲಾಗಿ ಸಾಮನ್ ಮೀನು, ಬಾಯಲ್ಲಿ ಚಿನ್ನದ ಉಂಗುರ. ಸರಿಯಾಗಿ ನೋಡಿ: ಮೀನು ಅಂಗಾತ, ಹೊಟ್ಟೆ ಮೇಲಾಗಿ ಮಲಗಿದೆ. ವಿವರಣೆಯಲ್ಲೇ ಹಾಗೆ ಬರೆದಿದೆ. ಅವಸರದಲ್ಲಿ ನಕಲು ಮಾಡುವವರು ಮೀನನ್ನು ನೆಟ್ಟಗೆ ತಿರುಗಿಸಿಬಿಡುತ್ತಾರೆ.

ಈಗ ಹೆಸರುಗಳನ್ನು ಹೊಡೆದುಹಾಕುವ ಕೆಲಸ. ಮರ, ಹಕ್ಕಿ, ಗಂಟೆ ಎಷ್ಟೋ ಸಂತರಿಗೆ ಸಲ್ಲುತ್ತವೆ. ಉಂಗುರ ಕಚ್ಚಿದ ಮೀನು ಅಪರೂಪ, ಹಾಗಾಗಿ ಅದರಿಂದಲೇ ಶುರು ಮಾಡಿ. ಮೆಟ್ಸ್ ನಗರದ ಸಂತ ಅರ್ನುಲ್ಫ್‌ರಿಗೂ ಮೀನು–ಉಂಗುರದ ಕಥೆ ಇದೆ, ಆದರೆ ಅವರಿಗೆ ಮರವೂ ಹಕ್ಕಿಯೂ ಇಲ್ಲ. ಉಳಿದವರು ಸಂತ ಮುಂಗೊ, ಇನ್ನೊಂದು ಹೆಸರು ಕೆಂಟಿಗರ್ನ್. ನಗರದ ಕೆಥಡ್ರಲ್ ಅವರದ್ದೇ. ಹಿಂದಿನ ಬಿಷಪ್ಪರ ಮುದ್ರೆಗಳಲ್ಲೂ ಉಂಗುರದ ಮೀನು ಇದೆ. ಮೂರೂ ಸಾಕ್ಷಿ ಕೂಡಿದವು.

ಕಥೆಗಳು ಹೀಗಿವೆ. ಗುರು ಸರ್ಫ್ ಸಾಕಿದ ಹಕ್ಕಿಯನ್ನು ಸಹಪಾಠಿಗಳು ಕೊಂದು ತಪ್ಪನ್ನು ಮುಂಗೊರ ತಲೆಗೆ ಕಟ್ಟಿದರು, ಅವರು ಅಂಗೈಯಲ್ಲಿಟ್ಟು ಪ್ರಾರ್ಥಿಸಿದಾಗ ಅದು ಜೀವ ತಳೆಯಿತು. ಮಠದ ಒಲೆ ಕಾಯುವ ಸರದಿಯಲ್ಲಿ ಮುಂಗೊ ನಿದ್ದೆ ಹೋದಾಗ ಸಹಪಾಠಿಗಳು ಬೆಂಕಿ ಆರಿಸಿದರು, ಅವರು ಹಿಮಗಟ್ಟಿದ ಹೇಝಲ್ ಕೊಂಬೆಯಿಂದ ಮತ್ತೆ ಬೆಂಕಿ ಎಬ್ಬಿಸಿದರು. ಗುರಾಣಿಯಲ್ಲಿ ಆ ಕೊಂಬೆ ಬೆಳೆದು ಓಕ್ ಮರವೇ ಆಗಿದೆ. ಗಂಟೆ ಪೋಪರು ಕೊಟ್ಟದ್ದು ಎನ್ನುತ್ತಾರೆ. ಉಂಗುರ ರಾಣಿ ಲಂಗೊರೆತ್‌ಳದ್ದು. ಅವಳು ಅದನ್ನು ಒಬ್ಬ ಯೋಧನಿಗೆ ಕೊಟ್ಟಿದ್ದಳು. ಅವನು ಮಲಗಿದ್ದಾಗ ರಾಜ ಅದನ್ನು ಕಿತ್ತು ಕ್ಲೈಡ್ ನದಿಗೆಸೆದು, ಉಂಗುರ ತೋರಿಸು ಎಂದು ರಾಣಿಗೆ ಗಂಟುಬಿದ್ದ. ಮುಂಗೊ ಕಳಿಸಿದ ಸನ್ಯಾಸಿ ಹಿಡಿದು ತಂದ ಮೊದಲ ಮೀನಿನಲ್ಲೇ ಅದು ಸಿಕ್ಕಿತು. ಶಕುಂತಲೆ ನೆನಪಾಗುವುದು ಸಹಜ, ಆದರೆ ಇಲ್ಲಿ ರಾಜ ಏನನ್ನೂ ಮರೆತಿರಲಿಲ್ಲ.

ಗುರಾಣಿಯ ಹೊರಗೂ ಕಣ್ಣು ಹಾಯಿಸಿ. ಎರಡೂ ಪಕ್ಕ ಉಂಗುರ ಕಚ್ಚಿದ ಸಾಮನ್‌ಗಳೇ ಗುರಾಣಿಯನ್ನು ಹಿಡಿದಿವೆ, ಮೇಲೆ ಅರ್ಧಾಕೃತಿಯ ಮುಂಗೊ ಆಶೀರ್ವದಿಸುತ್ತಿದ್ದಾರೆ. ಎಡಿನ್‌ಬರೊದಲ್ಲಂತೂ ಗುರಾಣಿಯೊಳಗೆ ಬರಿಯ ಕೋಟೆ. ಸಂತ ಜೈಲ್ಸ್‌ರ ಗುರುತಾದ ಹೆಣ್ಣು ಜಿಂಕೆ ಹೊರಗೆ ಪಕ್ಕದಲ್ಲಿ ನಿಂತಿದೆ. ಗುರಾಣಿಯನ್ನಷ್ಟೇ ಕತ್ತರಿಸಿ ತೆಗೆದ ಫೋಟೊದಲ್ಲಿ ಅವರು ಸಿಗುವುದೇ ಇಲ್ಲ.

6. ಬರೆದಿಡುವ ಕ್ರಮ

ಮೊದಲು ಗುರಾಣಿಯ ಬಣ್ಣ, ನಂತರ ಮುಖ್ಯ ಆಕೃತಿ ಮತ್ತು ಅದರ ಭಂಗಿ, ಅದರ ಬಣ್ಣ, ಕೈಯ ವಸ್ತುಗಳು, ಆಮೇಲೆ ಸಣ್ಣಪುಟ್ಟವು, ಕೊನೆಗೆ ಗುರಾಣಿಯ ಹೊರಗಿನವು. ಎಡ–ಬಲ ಬರೆಯುವಾಗ ‘ನೋಡುವವರ ಎಡ’ ಎಂದು ಬಿಡಿಸಿ ಹೇಳಿ, ಯಾರಿಗೂ ಗೊಂದಲವಾಗದು. ಕಂಡದ್ದು ಮತ್ತು ಹೆಸರಿಸಿದ್ದು ಬೇರೆ ಬೇರೆ ವಾಕ್ಯದಲ್ಲಿರಲಿ: ‘ಕೆಂಪಿನ ಮೇಲೆ ಬೆಳ್ಳಿಯ ಬೀಗದ ಕೈ’ ಎಂಬುದು ಒಂದು, ‘ಕೆಥಡ್ರಲ್ ಪೇತ್ರರದ್ದಾದ್ದರಿಂದ ಇದು ಅವರದ್ದು’ ಎಂಬುದು ಇನ್ನೊಂದು. ಅಧಿಕೃತ ವಿವರಣೆ ಯಾರನ್ನು ಹೆಸರಿಸುತ್ತದೋ ಅವರನ್ನೇ ಹೆಸರಿಸಿ. ಮಾಸ್ಕೋ ತನ್ನ ಸವಾರನನ್ನು ಸಂತ ಜಾರ್ಜ್ ಎಂದೇ ಬರೆದುಕೊಂಡಿದೆ. ರಷ್ಯಾದ ರಾಷ್ಟ್ರಲಾಂಛನದ ಹದ್ದಿನ ಎದೆಯ ಮೇಲೂ ಡ್ರ್ಯಾಗನ್ನನ್ನು ಇರಿಯುವ ಅಂಥದೇ ಸವಾರ ಇದ್ದಾನೆ, ಕಾನೂನಿನ ವಿವರಣೆಯಲ್ಲಿ ಅವನು ‘ಸವಾರ’ ಮಾತ್ರ. ನಿಮ್ಮ ಟಿಪ್ಪಣಿಯಲ್ಲೂ ಮೊದಲನೆಯವರು ಸಂತ ಜಾರ್ಜ್, ಎರಡನೆಯವನು ಸವಾರ ಎಂದೇ ಇರಲಿ.